ತಮ್ಮನ ಎಸ್‌ಜಿಪಿಟಿ ಇಳಿದಿದೆ, ಎಎಲ್‌ಪಿ ಇಳಿದಿಲ್ಲ. ಸೀಲಿಯಾಕ್ (ಗೋಧಿ ತಿಂದ್ರೆ ಕರುಳು ಹಾಳಾಗೋ ಕಾಯಿಲೆ) ಇರೋರ ಲಿವರ್ ಟೆಸ್ಟ್ ಗೊತ್ತಿರೋರು ದಯವಿಟ್ಟು ಹೇಳಿ

ಮಧುಗಿರಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮನಿಗೆ 26 ವರ್ಷ. ಹತ್ತನೇ ಕ್ಲಾಸ್ ಮುಗಿಸಿ ತುಮಕೂರಲ್ಲಿ ಬೇಕರಿ ಕೆಲಸಕ್ಕೆ ಸೇರ್ಕೊಂಡ. ಒಂಬತ್ತು ವರ್ಷ ಮೈದಾ ಮೂಟೆ ಮಧ್ಯದಲ್ಲೇ ಇದ್ದ. ಬೆಳಿಗ್ಗೆ ಟೀ ಜೊತೆ ಬನ್ನು, ಮಧ್ಯಾಹ್ನ ಬ್ರೆಡ್ಡೋ ಪಫ್ಸೋ, ಊರಿಗೆ ಬಂದಾಗ ಮಾತ್ರ ಮುದ್ದೆ. ಹೋದ ವರ್ಷ ಯುಗಾದಿಗೆ ಬಂದಾಗ ನೋಡಿದ್ರೆ ಕೆನ್ನೆ ಒಳಕ್ಕೆ ಹೋಗಿತ್ತು. ಮೆಟ್ಟಿಲು ಹತ್ತಿದ್ರೆ ಏದುಸಿರು. ಹಿಮೋಗ್ಲೋಬಿನ್ 7.9. ಕಬ್ಬಿಣದ ಮಾತ್ರೆ ಮೂರು ತಿಂಗಳು ನುಂಗಿದ, 8.1 ಆಯ್ತು ಅಷ್ಟೇ. ಅದರ ಜೊತೆಗೆ ಲಿವರ್ ಟೆಸ್ಟ್ ಮಾಡಿಸಿದ್ರು. ಲಿವರ್ ಕಿಣ್ವ ಮೂರೂ ಏರಿತ್ತು. ಎಸ್‌ಜಿಪಿಟಿ 112, ಎಸ್‌ಜಿಒಟಿ 84, ಎಎಲ್‌ಪಿ 240, ಅಲ್ಬುಮಿನ್ ಅನ್ನೋ ಪ್ರೋಟೀನ್ ಕಡಿಮೆ, 3.1, ಕಾಮಾಲೆ ತೋರಿಸೋ ಬಿಲಿರುಬಿನ್ ಸರಿಯಾಗಿತ್ತು.

ಆ ರಿಪೋರ್ಟ್ ನೋಡಿದ ಡಾಕ್ಟರು ಅಪ್ಪನ ಎದುರಿಗೇ "ಎಷ್ಟು ವರ್ಷದಿಂದ ಕುಡೀತಿದ್ದೀಯಪ್ಪಾ?" ಅಂದ್ರು. ಕುಡೀತೀಯಾ ಅಂತ ಕೇಳಲಿಲ್ಲ, ಎಷ್ಟು ವರ್ಷದಿಂದ ಅಂತ ಕೇಳಿದ್ರು. ಅವನು ಒಂದು ದಿನಕ್ಕೂ ಮುಟ್ಟಿದವನಲ್ಲ. ಅಪ್ಪ ಅವತ್ತಿನಿಂದ ಅವನ ಜೊತೆ ಮಾತು ಬಿಟ್ರು. ದಂಡಿನ ಮಾರಮ್ಮನ ಗುಡಿ ಮುಂದೆ ನಿಂತು ಆಣೆ ಮಾಡಿದ್ರೂ ನಂಬಲಿಲ್ಲ. ನಾಲ್ಕು ತಿಂಗಳು ಒಂದೇ ಮನೇಲಿ ಬೇರೆ ಬೇರೆ ಹೊತ್ತಿಗೆ ಊಟ. ಮಧ್ಯದಲ್ಲಿ ಯಾರೋ ಹೇಳಿದ್ರು ಅಂತ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡಿಸಿ, ಉಪ್ಪು ಬಿಡಿಸಿ ಪಥ್ಯಾನೂ ಮಾಡಿಸಿದ್ವಿ. ಕಣ್ಣು ಹಳದಿ ಆಗಿರಲೇ ಇಲ್ಲ, ಆದ್ರೂ ಕೊಡಿಸಿದ್ವಿ. ಆಮೇಲೆ ನೋಡಿದ್ರೆ ಎಸ್‌ಜಿಪಿಟಿ 148.

ಕೊನೆಗೆ ಬೆಂಗಳೂರಿಗೆ ಕರ್ಕೊಂಡು ಹೋದೆ. ಅಲ್ಲಿನ ಡಾಕ್ಟರು ಲಿವರ್ ವಿಷಯ ಪಕ್ಕಕ್ಕಿಟ್ಟು "ಊಟ ಏನು ಮಾಡ್ತೀಯ, ದಿನಕ್ಕೆ ಎಷ್ಟು ಸಲ ಹೊರಗೆ ಹೋಗ್ತೀಯ, ಬಾಯಲ್ಲಿ ಹುಣ್ಣು ಆಗುತ್ತಾ?" ಅಂತ ಕೇಳಿದ್ರು. ಟಿಟಿಜಿ-ಐಜಿಎ ಅನ್ನೋ, ಸೀಲಿಯಾಕ್‌ನ ಪ್ರತಿಕಾಯ ನೋಡೋ ರಕ್ತ ಪರೀಕ್ಷೆ ಬರೆದ್ರು. ಮಿತಿ 20, ಇವನದು 200ಕ್ಕೂ ಮೇಲೆ. ಎಂಡೋಸ್ಕೋಪಿಗೆ ಮೊದಲು ರಕ್ತ ಹೆಪ್ಪುಗಟ್ಟೋ ಟೆಸ್ಟ್ ಮಾಡಿದಾಗ ಐಎನ್‌ಆರ್ 1.6 ಬಂತು, ಅಂದ್ರೆ ರಕ್ತ ತಡವಾಗಿ ಹೆಪ್ಪುಗಟ್ಟುತ್ತೆ ಅಂತ. ಲಿವರ್ ಪೂರ್ತಿ ಹೋಗಿದೆ ಅಂದ್ಕೊಂಡು ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಆಮೇಲೆ ಮತ್ತೆ ನೋಡಿದ್ರು, ಸರಿಹೋಗಿತ್ತು. ಕರುಳಿನ ಬಯಾಪ್ಸಿಯಲ್ಲಿ ಸೀಲಿಯಾಕ್ ಖಚಿತ ಆಯ್ತು.

ಈಗ ಗೋಧಿ ಬಿಟ್ಟು ಎಂಟು ತಿಂಗಳು. ಬೇಕರಿ ಕೆಲಸಾನೂ ಬಿಟ್ಟ. ತೂಕ ಒಂಬತ್ತು ಕೆಜಿ ಏರಿದೆ. ಹಿಮೋಗ್ಲೋಬಿನ್ 11.8, ಎಸ್‌ಜಿಪಿಟಿ 41, ಎಸ್‌ಜಿಒಟಿ 36. ಆದ್ರೆ ಎಎಲ್‌ಪಿ ಮಾತ್ರ 228, ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿದ್ದಾರೆ. ಲಿವರ್ ಇನ್ನೂ ಹಾಳಾಗ್ತಾನೇ ಇದೆಯಾ? ಡಾಕ್ಟರ್ ಡೇಟು ಮೂರು ವಾರ ಆದ್ಮೇಲೆ ಇದೆ. ಅಲ್ಲೀವರೆಗೆ ಅಪ್ಪನಿಗೆ ಏನು ಹೇಳಲಿ?

ಕೋಲಾರದ ಲ್ಯಾಬ್‌ನವ:

ಅಕ್ಕ, ಹದಿನಾಲ್ಕು ವರ್ಷದಿಂದ ಈ ಟೆಸ್ಟ್‌ಗಳನ್ನ ನಾನೇ ಕೈಯಾರೆ ಓಡಿಸ್ತಿದ್ದೀನಿ. ಚಿಕಿತ್ಸೆ ಹೇಳೋದು ನನ್ನ ಕೆಲಸ ಅಲ್ಲ, ಆ ಅಂಕಿ ಎಲ್ಲಿಂದ ಬರುತ್ತೆ ಅಂತ ಮಾತ್ರ ಹೇಳ್ತೀನಿ.

"ಲಿವರ್ ಫಂಕ್ಷನ್ ಟೆಸ್ಟ್" ಅನ್ನೋ ಹೆಸರೇ ಜನರನ್ನ ದಾರಿ ತಪ್ಪಿಸುತ್ತೆ. ಎಸ್‌ಜಿಪಿಟಿ, ಎಸ್‌ಜಿಒಟಿ ಲಿವರ್ ಎಷ್ಟು ಕೆಲಸ ಮಾಡ್ತಿದೆ ಅಂತ ಹೇಳಲ್ಲ. ಜೀವಕೋಶದ ಒಳಗಿರಬೇಕಾದ ಕಿಣ್ವ ಅವು. ಮಡಕೆ ಬಿರುಕು ಬಿಟ್ರೆ ನೀರು ಜಿನುಗುತ್ತಲ್ಲ, ಹಾಗೆ ಕೋಶಕ್ಕೆ ಏಟು ಬಿದ್ರೆ ರಕ್ತಕ್ಕೆ ಬರುತ್ತೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನದ್ದೇ. ಎಸ್‌ಜಿಒಟಿ ಹಾಗಲ್ಲ, ಸ್ನಾಯು, ಹೃದಯ, ಕೆಂಪು ರಕ್ತಕಣದಲ್ಲೂ ಇರುತ್ತೆ. ಹಿಂದಿನ ದಿನ ಮೂಟೆ ಹೊತ್ತವನ ಎಸ್‌ಜಿಒಟಿ ಏರಿದ್ದನ್ನ ನೋಡಿದ್ದೀನಿ. ರಕ್ತ ತೆಗೆಯುವಾಗ ಸಿರಿಂಜ್ ಜೋರಾಗಿ ಎಳೆದು, ಅಥವಾ ಹಳ್ಳಿ ಕಲೆಕ್ಷನ್ ಸೆಂಟರಿಂದ ಬಿಸಿಲಲ್ಲಿ ಬಂದು, ಕಣ ಒಡೆದ್ರೂ ಏರುತ್ತೆ. ಸೀರಮ್ ಕೆಂಪಗೆ ಕಂಡ್ರೆ ನಾವು ವಾಪಸ್ ಕಳಿಸ್ತೀವಿ. ಎಲ್ಲರೂ ಕಳಿಸಬೇಕು.

ಲಿವರ್ ಕೆಲಸ ಗೊತ್ತಾಗೋದು ಅಲ್ಬುಮಿನ್, ಪ್ರೋಥ್ರಾಂಬಿನ್ ಟೈಮ್ (ಐಎನ್‌ಆರ್ ಲೆಕ್ಕ ಹಾಕೋದು ಇದರಿಂದಲೇ), ಬಿಲಿರುಬಿನ್‌ನಿಂದ. ನಿಮ್ಮ ತಮ್ಮನ ವಿಷಯದಲ್ಲಿ ಅದೂ ಗೊಂದಲ ಮಾಡಿದೆ. ಹೆಪ್ಪುಗಟ್ಟೋ ಅಂಶ ತಯಾರು ಮಾಡೋಕೆ ಲಿವರ್‌ಗೆ ವಿಟಮಿನ್ ಕೆ ಬೇಕು. ಅದು ಕೊಬ್ಬಿನ ಜೊತೆಗೇ ದೇಹ ಸೇರೋದು. ಕರುಳು ಕೊಬ್ಬನ್ನೇ ಹೀರದಿದ್ರೆ ವಿಟಮಿನ್ ಕೆ ಎಲ್ಲಿಂದ ಬರಬೇಕು? ಇಂಜೆಕ್ಷನ್ ಕೊಟ್ಟ ಮೇಲೆ ಐಎನ್‌ಆರ್ ಸರಿಹೋಯ್ತು ಅಂದ್ರೆ ಗಿರಣಿ ಚೆನ್ನಾಗೇ ಇತ್ತು, ಕಾಳು ಬರ್ತಿರಲಿಲ್ಲ ಅಂತ ಅರ್ಥ.

ಇನ್ನು ಎಎಲ್‌ಪಿ. ಇದು ಪಿತ್ತನಾಳದ ಕಡೆಯಿಂದಲೂ ಬರುತ್ತೆ, ಮೂಳೆಯಿಂದಲೂ ಬರುತ್ತೆ. ಬೆಳೆಯೋ ಮಕ್ಕಳಲ್ಲಿ, ಬಸುರಿಯರಲ್ಲಿ ಏರಿರೋದು ಸಹಜ. ನಿಮ್ಮ ರಿಪೋರ್ಟಲ್ಲಿ ಜಿಜಿಟಿ (ಲಿವರ್, ಪಿತ್ತನಾಳದ ಇನ್ನೊಂದು ಕಿಣ್ವ) ಇದೆಯಾ ನೋಡಿ. ಮೂಳೆಯಿಂದ ಜಿಜಿಟಿ ಬರಲ್ಲ.

ಮಧುಗಿರಿ ಅಕ್ಕ:

ಜಿಜಿಟಿ ಮಾಡೇ ಇಲ್ಲ ಅಣ್ಣ. ಯಾರೂ ಬರೆದಿಲ್ಲ. ಆದ್ರೆ ಅವನು ಮೊದಲಿಂದ ಸೊಂಟ ನೋವು, ತೊಡೆ ನೋವು ಅಂತಿದ್ದ. ನಿಂತು ನಿಂತು ಕೆಲಸ ಮಾಡ್ತಾನಲ್ಲ, ಅದಕ್ಕೇ ಅಂದ್ಕೊಂಡಿದ್ವಿ.

ತಿಪಟೂರು ತಾತ:

ಮಗಳೇ, ನನಗೆ ಎಪ್ಪತ್ತೆರಡು. ನಮ್ಮ ಕಾಲದಲ್ಲಿ ಈ ಕಾಯಿಲೆ ಹೆಸರೇ ಕೇಳಿರಲಿಲ್ಲ. ನಮ್ಮ ಕಡೆ ರಾಗಿ ತಿನ್ನೋರಿಗೆ ಇದು ಬರೋದೇ ಇಲ್ಲ ಅಂತ ನನ್ನ ಭಾವನೆ. ಹುಡುಗನಿಗೆ ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಅಮೃತಬಳ್ಳಿ ಕಷಾಯ ಕೊಡಿ. ಲಿವರ್ ತೊಳೆದಂಗೆ ಆಗುತ್ತೆ. ನಮ್ಮ ಮನೇಲಿ ಮೂರು ತಲೆಮಾರಿಂದ ಕುಡೀತೀವಿ.

ತುಮಕೂರು ಫಿಜಿಷಿಯನ್:

ತಾತ, ನೀವು ಒಳ್ಳೇ ಮನಸ್ಸಿಂದ ಹೇಳಿದ್ದೀರಿ. ಆದರೂ ಈ ಹುಡುಗನಿಗೆ ಅಮೃತಬಳ್ಳಿ ಬೇಡವೇ ಬೇಡ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಕುಡಿದ ಕೆಲವರಲ್ಲಿ ಲಿವರ್‌ಗೆ ಆದ ಉರಿಯೂತದ ಪ್ರಕರಣಗಳನ್ನು ಪ್ರಕಟಿಸಿದರು. ದೇಹ ತನ್ನ ಲಿವರನ್ನೇ ಶತ್ರು ಅಂದುಕೊಳ್ಳುವ ಆಟೋಇಮ್ಯೂನ್ ಹೆಪಟೈಟಿಸ್ ಥರದ್ದೇ ಅದು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ವಾದ ನಡೆಯಿತು. ಆದರೆ ಸೀಲಿಯಾಕ್ ಕೂಡ ಆಟೋಇಮ್ಯೂನ್ ಕಾಯಿಲೆಯೇ, ಮೊದಲೇ ಅದು ಇರುವವನ ಮೇಲೆ ಆ ಪರೀಕ್ಷೆ ಮಾಡುವ ಅಗತ್ಯ ಏನಿದೆ?

ನಮ್ಮ ಕಡೆ ಬರೋದಿಲ್ಲ ಅಂದಿರಲ್ಲ, ಅದರಲ್ಲಿ ಅರ್ಧ ನಿಜ ಇದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಭಾರತೀಯ ಸಮೀಕ್ಷೆಯಲ್ಲಿ ಉತ್ತರ ಭಾರತದ ವಯಸ್ಕರಲ್ಲಿ ಸೀಲಿಯಾಕ್ ಶೇ. 1.23, ದಕ್ಷಿಣದಲ್ಲಿ ಶೇ. 0.10. ಹಾಗಂತ ನಮ್ಮ ರಕ್ತ ಬೇರೆ ಅಲ್ಲ. ಈ ಕಾಯಿಲೆಗೆ ಬೇಕಾದ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಜೀನ್ ದಕ್ಷಿಣದಲ್ಲೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿತ್ತು. ಅಲ್ಲಿನವರ ತಟ್ಟೆಗೂ ನಮ್ಮ ತಟ್ಟೆಗೂ ಇದ್ದ ದೊಡ್ಡ ವ್ಯತ್ಯಾಸ ಗೋಧಿ. ಅಕ್ಕನವರ ತಮ್ಮ ತುಮಕೂರಲ್ಲೇ ಇದ್ದರೂ ಒಂಬತ್ತು ವರ್ಷ ಮೂರು ಹೊತ್ತೂ ಮೈದಾ ತಿಂದಿದ್ದಾನೆ. ಮುದ್ದೆಯ ಊರಲ್ಲಿ ಇದು ಇರಲ್ಲ ಅಂದುಕೊಳ್ಳುವುದರಿಂದಲೇ ನಾವು ವೈದ್ಯರೂ ತಡ ಮಾಡುತ್ತೇವೆ.

ಈಗ ಅಕ್ಕ, ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಮೊದಲು ಆ ಕುಡಿತದ ಆರೋಪ. ಅದನ್ನು ಓದಿ ನನಗೆ ಸಂಕಟವಾಯಿತು. ಕುಡಿತದಿಂದ ಲಿವರ್ ಹಾಳಾದಾಗ ಸಾಮಾನ್ಯವಾಗಿ ಎಸ್‌ಜಿಒಟಿ ಮುಂದೆ ಇರುತ್ತದೆ, ಎಸ್‌ಜಿಪಿಟಿಯ ಎರಡರಷ್ಟು ಇರುವುದೂ ಉಂಟು. ನಿಮ್ಮ ತಮ್ಮನದು 112ಕ್ಕೆ 84, ಎಸ್‌ಜಿಪಿಟಿಯೇ ಹೆಚ್ಚು. ಬರೀ ಇದರಿಂದ ಯಾರನ್ನೂ ತೀರ್ಮಾನ ಮಾಡಬಾರದು. ಆದರೆ ಆರೋಪಕ್ಕೆ ಆಧಾರವೂ ಆ ಕಾಗದದಲ್ಲಿ ಇರಲಿಲ್ಲ ಅಂತ ಅಪ್ಪನಿಗೆ ಖಂಡಿತ ಹೇಳಿ.

ಸೀಲಿಯಾಕ್‌ನಲ್ಲಿ ಲಿವರ್ ಕಿಣ್ವ ಏರುವುದು ಹೊಸ ವಿಷಯವಲ್ಲ. 1977ರಲ್ಲೇ ಸ್ವೀಡನ್ನಿನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಚಿಕಿತ್ಸೆ ಶುರುವಾಗದ ವಯಸ್ಕರಲ್ಲಿ ಶೇ. 40ರಷ್ಟು ಜನರಲ್ಲಿ ಏರಿರಬಹುದು ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಏರಿಕೆ ಬಹುತೇಕ ಮಿತಿಯ ಐದು ಪಟ್ಟಿನ ಒಳಗೇ ಇರುತ್ತದೆ, ಕಣ್ಣು ಹಳದಿ ಆಗುವುದಿಲ್ಲ, ರೋಗಿಗೆ ಬಲಗಡೆ ನೋವೂ ಇರುವುದಿಲ್ಲ. ಕರುಳಿನಿಂದ ಹೊರಟ ರಕ್ತವೆಲ್ಲ ಪೋರ್ಟಲ್ ವೇನ್ ಎಂಬ ರಕ್ತನಾಳದ ಮೂಲಕ ಮೊದಲು ಹೋಗುವುದು ಲಿವರ್‌ಗೆ. ಕರುಳಿನ ಒಳಪದರ ಉರಿದು ಸಡಿಲವಾದಾಗ ಬರಬಾರದ್ದೆಲ್ಲ ಅದೇ ದಾರಿಯಲ್ಲಿ ಬರುತ್ತದೆ, ಮೊದಲ ಏಟು ಲಿವರ್‌ಗೆ. ಅದಕ್ಕೇ ಲಿವರ್ ಟಾನಿಕ್‌ನಿಂದ ಏನೂ ಆಗುವುದಿಲ್ಲ. ಗ್ಲೂಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ನಿಲ್ಲಿಸಿದರೆ ಬಹುಪಾಲು ಜನರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ನಿಮ್ಮಲ್ಲಿ ಆಗಿದ್ದೂ ಅದೇ.

ಅಪರೂಪಕ್ಕೆ ತೀವ್ರವಾಗುವುದೂ ಇದೆ. 2002ರಲ್ಲಿ ಫಿನ್‌ಲ್ಯಾಂಡ್‌ನಿಂದ ಬಂದ ಒಂದು ವರದಿ ನನ್ನ ಮನಸ್ಸಲ್ಲಿ ಉಳಿದಿದೆ. ತೀವ್ರ ಲಿವರ್ ಕಾಯಿಲೆಯ ನಾಲ್ಕು ಜನರಲ್ಲಿ ಸೀಲಿಯಾಕ್ ಇರುವುದು ಗೊತ್ತಾಯಿತು, ಅವರಲ್ಲಿ ಮೂವರಿಗೆ ಲಿವರ್ ಕಸಿಯ ಯೋಚನೆ ನಡೆದಿತ್ತು. ಗ್ಲೂಟೆನ್ ಬಿಡಿಸಿದಾಗ ಲಿವರ್ ಸುಧಾರಿಸಿತು. ಕಾರಣ ಸಿಗದೆ ಕಿಣ್ವ ಏರಿಯೇ ಇರುವವರಲ್ಲಿ ಹೆಪಟೈಟಿಸ್ ಬಿ, ಸಿ, ಕೊಬ್ಬಿನ ಲಿವರ್ ಎಲ್ಲ ನೋಡಿದ ಮೇಲೆ ಒಂದು ಟಿಟಿಜಿ ಬರೆಯಲೇಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ.

ಎಎಲ್‌ಪಿ ವಿಷಯದಲ್ಲಿ ಲ್ಯಾಬ್ ಸ್ನೇಹಿತರು ಹೇಳಿದ್ದೇ ನನ್ನ ಅನುಮಾನವೂ. ಸೊಂಟ, ತೊಡೆ ನೋವು ಅಂದಿರಿ. ವರ್ಷಗಟ್ಟಲೆ ವಿಟಮಿನ್ ಡಿ, ಕ್ಯಾಲ್ಸಿಯಂ ಹೀರದ ಮೂಳೆ ಮೆತ್ತಗಾಗಿರುತ್ತದೆ. ಈಗ ಕರುಳು ಸರಿಹೋಗಿ ಮೂಳೆ ಮತ್ತೆ ಕಟ್ಟಿಕೊಳ್ಳುವಾಗಲೂ ಎಎಲ್‌ಪಿ ಏರಿಯೇ ಇರಬಹುದು. ಮೂರು ವಾರ ಕಾಯುವ ಬದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಜಿಜಿಟಿ, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ನಿಯಂತ್ರಿಸುವ ಹಾರ್ಮೋನ್) ಮಾಡಿಸಬಹುದಾ ಅಂತ ಕೇಳಿ. ಜಿಜಿಟಿಯೂ ಏರಿದ್ದರೆ ಮಾತ್ರ ಪಿತ್ತನಾಳದ ಕಡೆ ನೋಡಬೇಕು. ಸೀಲಿಯಾಕ್ ಇರುವವರಲ್ಲಿ ಪಿಬಿಸಿ ಎಂಬ ಪಿತ್ತನಾಳದ ಕಾಯಿಲೆ ಇತರರಿಗಿಂತ ಹೆಚ್ಚು, ಅದಕ್ಕೆ ಎಎಂಎ ಅನ್ನುವ ಟೆಸ್ಟ್ ಇದೆ.

ಶಿಡ್ಲಘಟ್ಟ ರೀಲರ್:

ಮೇಡಂ, ಮಧ್ಯೆ ಕೇಳ್ತಿದ್ದೀನಿ, ಕ್ಷಮಿಸಿ. ನಾನು ರೇಷ್ಮೆ ರೀಲಿಂಗ್ ಮಾಡ್ತೀನಿ, 41 ವರ್ಷ. ಎಸ್‌ಜಿಪಿಟಿ 68, ಎರಡು ವರ್ಷದಿಂದ ಹಾಗೇ ಇದೆ. ಬಿ, ಸಿ ಎರಡೂ ಇಲ್ಲ. ಹೊಟ್ಟೆ ಉಬ್ಬರ ಬೇರೆ. ಇದನ್ನ ಓದಿ ನಿನ್ನೆಯಿಂದ ಚಪಾತಿ, ಪರೋಟ ಎಲ್ಲ ಬಿಟ್ಟೆ. ಒಂದು ತಿಂಗಳು ನೋಡಿ ಆಮೇಲೆ ಟಿಟಿಜಿ ಮಾಡಿಸ್ಲಾ?

ತುಮಕೂರು ಫಿಜಿಷಿಯನ್:

ದಯವಿಟ್ಟು ಬೇಡ. ಇವತ್ತೇ ಮತ್ತೆ ಚಪಾತಿ ತಿನ್ನಿ. ಗ್ಲೂಟೆನ್ ತಿನ್ನುತ್ತಿರುವಾಗ ಮಾತ್ರ ಟಿಟಿಜಿ ನಂಬಬಹುದು. ಬಿಟ್ಟರೆ ಪ್ರತಿಕಾಯ ಇಳಿಯುತ್ತಾ ಹೋಗುತ್ತದೆ, ಕರುಳೂ ವಾಸಿಯಾಗುತ್ತದೆ, ಆಮೇಲೆ ಇತ್ತೋ ಇಲ್ಲವೋ ಯಾರೂ ಹೇಳಲಾರರು. ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಿ ಪರೀಕ್ಷೆ ಮಾಡಬೇಕಾಗುತ್ತದೆ, ಆ ಹಿಂಸೆ ಯಾಕೆ? ಮುದ್ದೆ ಅನ್ನದಲ್ಲೇ ಇರುವ ಮನೆಗಳಲ್ಲಿ ಇದನ್ನು ಒತ್ತಿ ಹೇಳಬೇಕು. ಟಿಟಿಜಿ-ಐಜಿಎ ಜೊತೆ ಒಟ್ಟು ಐಜಿಎ ಕೂಡ ಬರೆಸಿ. ಕೆಲವರ ದೇಹದಲ್ಲಿ ಐಜಿಎ ಎಂಬ ಪ್ರತಿಕಾಯವೇ ಕಡಿಮೆ ಇರುತ್ತದೆ, ಅಂಥವರಲ್ಲಿ ಟಿಟಿಜಿ ಸುಳ್ಳು ನೆಮ್ಮದಿ ಕೊಡುತ್ತದೆ. ಇನ್ನೊಂದು, ಹೊಟ್ಟೆಯ ಸುತ್ತಳತೆ, ಸಕ್ಕರೆ, ಅಲ್ಟ್ರಾಸೌಂಡ್ ನೋಡಿಸಿದ್ದೀರಾ? ನಮ್ಮಲ್ಲಿ 68ರ ಎಸ್‌ಜಿಪಿಟಿಗೆ ಕೊಬ್ಬಿನ ಲಿವರ್ ಕಾರಣವಾಗಿರುವುದೇ ಹೆಚ್ಚು.

ಚಿಂತಾಮಣಿ ಅಮ್ಮ:

ಮಧುಗಿರಿ ಅಕ್ಕ, ನನ್ನ ಮಗಳಿಗೆ ಆರನೇ ವಯಸ್ಸಲ್ಲಿ ಗೊತ್ತಾಯ್ತು, ಈಗ ಹನ್ನೊಂದು. ನಾನು ಡಾಕ್ಟರ್ ಅಲ್ಲ. ಆದ್ರೆ ಎಸ್‌ಜಿಪಿಟಿ ಇಳಿದು ಮತ್ತೆ ಏರಿದಾಗ ಏನಾಯ್ತು ಅಂತ ಹೇಳ್ತೀನಿ, ನಿಮ್ಮ ಮನೆಗೆ ಉಪಯೋಗ ಆಗಬಹುದು.

ಮೊದಲ ವರ್ಷ 96ರಿಂದ 34ಕ್ಕೆ ಬಂತು. ಎರಡನೇ ವರ್ಷ 61. ಟಿಟಿಜಿಯೂ ಜೊತೆಗೇ ಏರಿತ್ತು. ಮನೇಲಿ ಗೋಧಿ ಹಿಟ್ಟಿನ ಡಬ್ಬವೇ ಇಲ್ಲ, ಎಲ್ಲಿಂದ ಬಂತು? ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡೆ. ಒಂದು ದಿನ ರಾಗಿ ಬೀಸಿಸೋಕೆ ಹೋಗಿ ಸಾಲಲ್ಲಿ ನಿಂತಿದ್ದಾಗ ಕಣ್ಣಿಗೆ ಬಿತ್ತು. ನನ್ನ ಮುಂದಿನವರು ಗೋಧಿ ಹಾಕಿಸಿದ್ರು, ಅದೇ ಕಲ್ಲಿಗೆ, ಅದೇ ಬಟ್ಟೆ ಚೀಲಕ್ಕೆ ನನ್ನ ರಾಗಿ. ಮೊದಲು ಬಂದ ಹಿಟ್ಟು ಬೆಳ್ಳಗಿತ್ತು! ಅಂದ್ರೆ ದಿನಾ ಮುದ್ದೆ ಜೊತೆ ಗೋಧೀನೂ ತಿನ್ನಿಸ್ತಿದ್ದೆ ನಾನು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ಮನೆಗೇ ಸಣ್ಣ ಗಿರಣಿ ತಗೊಂಡಿದ್ದೀವಿ. ಅದು ಆಗದಿದ್ರೆ ರಾಗಿಗೇ ಅಂತ ಬೇರೆ ಕಲ್ಲು ಇರೋ ಮಿಲ್ಲು ಹುಡುಕಿ.

ಆಮೇಲೆ ಇಂಗು. ಅಂಗಡಿಯ ಪುಡಿ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟೋ ಮೈದಾನೋ ಬೆರೆಸಿರ್ತಾರೆ, ಡಬ್ಬದ ಹಿಂದೆ ಬರೆದಿರುತ್ತೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತೆ. ಮಕ್ಕಳಿಗೆ ಹಾಲಿಗೆ ಹಾಕೋ ಮಾಲ್ಟ್ ಪುಡಿಯಲ್ಲಿ ಬಾರ್ಲಿ ಇರುತ್ತೆ. ರಾಗಿ ಹುರಿಹಿಟ್ಟು ಅಂತ ಪ್ಯಾಕೆಟ್ ತಂದ್ರೆ ಅದರಲ್ಲೂ ಗೋಧಿ ಸೇರಿಸಿರ್ತಾರೆ, ಓದಿ ತಗೊಳ್ಳಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಕ್ಕಿ ಉದ್ದಿನದ್ದೇ, ಚಟ್ನಿ ಜೊತೆ ಕೊಡ್ತೀನಿ, ಸಾಂಬಾರ್ ಕೊಡಲ್ಲ. ರವೆ ಇಡ್ಲಿ ಇರೋ ಪಾತ್ರೆಯಲ್ಲೇ ಬೇಯಿಸಿದ್ದಾರಾ ಅಂತ ಕೇಳ್ತೀನಿ.

ಕಷ್ಟ ಆಗೋದು ಪ್ರಸಾದ. ಸತ್ಯನಾರಾಯಣ ಪೂಜೆ ಸಜ್ಜಿಗೆ ರವೆಯದು. "ದೇವರ ಪ್ರಸಾದ, ಒಂದು ಚಮಚಕ್ಕೆ ಏನಾಗುತ್ತೆ" ಅಂತಾರೆ. ಮಗಳ ಕೈಗೆ ಬಾಳೆಹಣ್ಣಿನ ಪ್ರಸಾದ ಕೊಡಿ ಅಂತ ಈಗ ಮೊದಲೇ ಹೇಳಿಬಿಡ್ತೀನಿ.

ತುಮಕೂರು ಫಿಜಿಷಿಯನ್:

ಚಿಂತಾಮಣಿ ಅಮ್ಮನ ಗಿರಣಿ ಮಾತನ್ನು ನಾನು ನನ್ನ ರೋಗಿಗಳಿಗೆಲ್ಲ ಹೇಳುತ್ತೇನೆ. ಇಟಲಿಯಲ್ಲಿ 2007ರ ಒಂದು ಅಧ್ಯಯನದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲೂಟೆನ್ ಮೂರು ತಿಂಗಳು ಕೊಟ್ಟಾಗಲೇ ಕರುಳಿನ ಪದರಕ್ಕೆ ಪೆಟ್ಟು ಬಿತ್ತು. ಒಂದು ಬ್ರೆಡ್ ತುಂಡಿನಲ್ಲಿ ಇರುವುದು ಅದರ ಎಷ್ಟೋ ಪಟ್ಟು. ಗ್ಲೂಟೆನ್ ಇಲ್ಲ ಅಂತ ಲೇಬಲ್ ಹಾಕಲು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ ಕೆಜಿಗೆ 20 ಮಿಲಿಗ್ರಾಂ.

ಇಳಿದ ಎಸ್‌ಜಿಪಿಟಿ ಮತ್ತೆ ಏರಿದಾಗ ಟಿಟಿಜಿಯನ್ನೂ ನೋಡಬೇಕು. ಎರಡೂ ಜೊತೆಗೆ ಏರಿದ್ದರೆ ಎಲ್ಲೋ ಗೋಧಿ ಸೇರುತ್ತಿದೆ. ಟಿಟಿಜಿ ಇಳಿದೇ ಇದ್ದು ಎಸ್‌ಜಿಪಿಟಿ ಮಾತ್ರ ಏರಿದರೆ ಬೇರೆ ಹುಡುಕಬೇಕು. ಆಟೋಇಮ್ಯೂನ್ ಹೆಪಟೈಟಿಸ್ ಇರಬಹುದು, ಅದು ಬರೀ ಪಥ್ಯಕ್ಕೆ ಬಗ್ಗುವುದಿಲ್ಲ, ಐಜಿಜಿ, ಎಎನ್‌ಎ ಟೆಸ್ಟ್ ಬೇಕು. ಅಥವಾ ಕೊಬ್ಬಿನ ಲಿವರ್. ಗೋಧಿ ಬಿಟ್ಟವರು ಹಸಿವು ಮರಳಿ ತೂಕ ಏರಿಸಿಕೊಳ್ಳುತ್ತಾರೆ, ಗ್ಲೂಟೆನ್ ಇಲ್ಲದ ಪ್ಯಾಕೆಟ್ ಬಿಸ್ಕತ್ತಿನಲ್ಲಿ ಸಕ್ಕರೆ, ಕೊಬ್ಬು ಧಾರಾಳ. ಮಧುಗಿರಿ ಅಕ್ಕ, ಒಂಬತ್ತು ಕೆಜಿ ಸಂತೋಷದ ಸಂಗತಿ, ಇನ್ನು ನಿಧಾನವಾಗಲಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದರೂ ಪ್ರತಿಕಾಯ ಬಂದಿದೆಯಾ ಅಂತ ಒಮ್ಮೆ ನೋಡಿಸಿ. ಸೀಲಿಯಾಕ್ ಇರುವವರಲ್ಲಿ ಆ ಲಸಿಕೆ ಕೆಲವೊಮ್ಮೆ ಹತ್ತುವುದಿಲ್ಲ.

ತಿಪಟೂರು ತಾತ:

ಡಾಕ್ಟರಮ್ಮ, ಓದಿದೆ. ನನಗೆ ಒಗ್ಗಿದ್ದು ಎಲ್ಲರಿಗೂ ಒಗ್ಗುತ್ತೆ ಅಂದ್ಕೊಂಡಿದ್ದು ತಪ್ಪು. ಮಗಳೇ, ಕಷಾಯ ಕೊಡಬೇಡ. ನಮ್ಮ ತೋಟದ ತೆಂಗಿನಕಾಯಿ ಕಳಿಸ್ತೀನಿ, ಹುಡುಗನಿಗೆ ಅಕ್ಕಿ ಹಿಟ್ಟಿನ ಕಾಯಿ ಕಡುಬು ಮಾಡಿಕೊಡು.

ಶಿಡ್ಲಘಟ್ಟ ರೀಲರ್:

ಮೇಡಂ, ಮಾಡಿಸಿದೆ. ಟಿಟಿಜಿ 3, ಒಟ್ಟು ಐಜಿಎ ಸರಿಯಾಗಿದೆ. ಸ್ಕ್ಯಾನಿಂಗಲ್ಲಿ ಕೊಬ್ಬಿನ ಲಿವರ್, ಗ್ರೇಡ್ ಎರಡು ಅಂತ ಬರೆದಿದ್ದಾರೆ. ನೀವು ಹೇಳದೇ ಇದ್ದಿದ್ರೆ ಗೋಧಿ ಬಿಟ್ಕೊಂಡು ಕೂತಿರ್ತಿದ್ದೆ. ಸೋಮವಾರದಿಂದ ಮಾರ್ಕೆಟ್ಟಿಗೆ ನಡ್ಕೊಂಡೇ ಹೋಗ್ತಿದ್ದೀನಿ.

ಮಧುಗಿರಿ ಅಕ್ಕ:

ರಿಪೋರ್ಟ್ ಬಂತು. ಜಿಜಿಟಿ 22, ಮಿತಿಯ ಒಳಗೇ ಇದೆ. ವಿಟಮಿನ್ ಡಿ 9. ಕ್ಯಾಲ್ಸಿಯಂ 8.1, ಎರಡೂ ಕಡಿಮೆ. ಪಿಟಿಎಚ್ ಏರಿದೆ. ನಮ್ಮ ಡಾಕ್ಟರು ಫೋನಲ್ಲೇ "ಇದು ಲಿವರ್ ಅಲ್ಲಮ್ಮ, ಮೂಳೆ" ಅಂದ್ರು. ವಿಟಮಿನ್ ಡಿ, ಕ್ಯಾಲ್ಸಿಯಂ ಶುರು ಮಾಡಿದ್ದಾರೆ, ಮೂಳೆ ಸಾಂದ್ರತೆಯ ಸ್ಕ್ಯಾನ್ ಬರೆದಿದ್ದಾರೆ.

ಲ್ಯಾಬ್ ಅಣ್ಣ, ಡಾಕ್ಟರ್ ಮೇಡಂ, ನೀವು ಬರೆದದ್ದನ್ನ ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. 112, 84 ಅನ್ನೋ ಜಾಗದಲ್ಲಿ "ಇನ್ನೊಂದ್ಸಲ ಓದು" ಅಂದ್ರು. ಏನೂ ಮಾತಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಎದ್ದು ರಾಗಿ ಚೀಲ ಹೆಗಲಿಗೆ ಹಾಕ್ಕೊಂಡು ಮಿಲ್ಲಿಗೆ ಹೋದ್ರು. ರಾಗಿಗೇ ಬೇರೆ ಕಲ್ಲು ಇರೋ ಮಿಲ್ಲು ಹುಡುಕಿ, ಮೊದಲು ಎರಡು ಸೇರು ಹಾಕಿಸಿ ಆ ಹಿಟ್ಟನ್ನ ಹಸುವಿಗೆ ಅಂತ ಬೇರೆ ಕಟ್ಟಿಸಿ, ಆಮೇಲೆ ನಮ್ಮದು ಬೀಸಿಸ್ಕೊಂಡು ಬಂದ್ರು. ತಮ್ಮನ ಕೈಗೆ ಕೊಟ್ಟು "ಇದು ನಿಂದು, ಬೇರೆ ಡಬ್ಬಕ್ಕೆ ಹಾಕು" ಅಂದ್ರು. ಅಷ್ಟೇ ಮಾತು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತು ಬಸ್ಸಾರು ಮುದ್ದೆ ಉಂಡರು.

ಇನ್ನೊಂದು ವಿಷಯ. ಒಡಹುಟ್ಟಿದವರೂ ಟೆಸ್ಟ್ ಮಾಡಿಸ್ಕೋಬೇಕು ಅಂತ ಡಾಕ್ಟರು ಹೇಳಿದ್ರು. ನನಗೂ ಎರಡು ವರ್ಷದಿಂದ ಹಿಮೋಗ್ಲೋಬಿನ್ 9ರ ಮೇಲೆ ಹೋಗ್ತಿಲ್ಲ, ಹೆಂಗಸರಿಗೆ ಇದೆಲ್ಲ ಇದ್ದದ್ದೇ ಅಂತ ಸುಮ್ಮನಿದ್ದೆ. ಮಂಗಳವಾರ ಟಿಟಿಜಿಗೆ ರಕ್ತ ಕೊಡ್ತೀನಿ. ಅಲ್ಲೀವರೆಗೆ ಚಪಾತಿ ಬಿಡಲ್ಲ.